ನೆಲವೂ ನೀರೂ ಸೇರಿದ ಜಾಗಕ್ಕೆ ಯಾವ ಪದ? ಕೊಡಗಿನ ಬಗ್ಗೆ ಬರೆಯುವವರಿಗೊಂದು ಮಾರ್ಗದರ್ಶಿ

"ನಮ್ಮ ತೋಟದ ಮಧ್ಯೆ ನೀರು ಹರಿಯುತ್ತೆ, ಅದನ್ನು ಹೊಳೆ ಅನ್ನಬೇಕಾ ತೋಡು ಅನ್ನಬೇಕಾ?" "ಗದ್ದೆ ಪಕ್ಕ ಕಾಲಿಟ್ಟರೆ ಹೂತುಹೋಗುವ ಜಾಗ ಇದೆ, ಅರ್ಜಿಯಲ್ಲಿ ಏನಂತ ಬರೆಯಲಿ?" "ಹೋಂಸ್ಟೇ ಬೋರ್ಡಿನಲ್ಲಿ ದ್ವೀಪ ಅಂತ ಹಾಕಿದರೆ ತಪ್ಪಾ?" ಓದುಗರು ಈ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಅವರಲ್ಲಿ ಪಂಚಾಯಿತಿಗೆ ಅರ್ಜಿ ಬರೆಯುವವರಿದ್ದಾರೆ. ಪತ್ರಿಕೆಗೆ ಮಳೆ ಸುದ್ದಿ ಕಳಿಸುವವರಿದ್ದಾರೆ. ಊರಿನ ಬಗ್ಗೆ ಪ್ರಾಜೆಕ್ಟ್ ಬರೆಯುವ ಮಕ್ಕಳೂ ಇದ್ದಾರೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಕೊಡಗಿನಲ್ಲಿ ತೊಡಕು ಎರಡು ಕಡೆಯಿಂದ ಬರುತ್ತದೆ. ಮೊದಲನೆಯದು ಮಳೆ. ಮಾರ್ಚ್‌ನಲ್ಲಿ ದನ ಮೇಯುವ ಬಯಲು ಜುಲೈನಲ್ಲಿ ಹೊಳೆಯ ಪಾಲಾಗಿರುತ್ತದೆ. ಎರಡನೆಯದು ಭಾಷೆ. ಇಲ್ಲಿನ ಕನ್ನಡದೊಳಗೆ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಎಲ್ಲ ಸೇರಿಕೊಂಡಿವೆ. ಒಂದೇ ಪದ ಮಡಿಕೇರಿಯಲ್ಲಿ ಒಂದು ಅರ್ಥ ಕೊಟ್ಟರೆ ಮೈಸೂರಿನ ಓದುಗರಿಗೆ ಇನ್ನೊಂದು ಅರ್ಥ ಕೊಡುತ್ತದೆ. ಹಾಗಾಗಿ ನನ್ನ ಸಲಹೆ ಇಷ್ಟೇ: ಹೆಸರನ್ನು ಕಡೆಗೆ ಇಡಿ. ಆ ನೆಲದ ಮೇಲೆ ನೀರು ಏನು ಮಾಡುತ್ತದೆ ಅನ್ನುವುದನ್ನು ಮೊದಲು ನೋಡಿ. ನೋಡಿದ್ದು ಸರಿಯಾಗಿದ್ದರೆ ಪದ ತಾನಾಗಿ ಸಿಗುತ್ತದೆ.

ಬೇಕಾಗುವುದು ಹೆಚ್ಚೇನಿಲ್ಲ. ಒಂದು ಪುಸ್ತಕ, ಪೆನ್ನು, ಜಾಗದ ಪಹಣಿ ಪ್ರತಿ, ಫೋನಿನಲ್ಲಿ ನಕ್ಷೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಅದೇ ಊರಿನಲ್ಲಿ ಗದ್ದೆ ಕೆಲಸ ಮಾಡಿದ ಹಿರಿಯರೊಬ್ಬರು.

ಹಂತ 1: ಎರಡು ಕಾಲದಲ್ಲಿ ನೋಡಿ

ಕಾಫಿ ಹೂ ಬಿಡುವ ಫೆಬ್ರವರಿ, ಮಾರ್ಚ್ ಹೊತ್ತಿಗೆ ಒಮ್ಮೆ ನೋಡಿ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನೊಳಗೆ ಇನ್ನೊಮ್ಮೆ ನೋಡಿ. ಎರಡೂ ಸಲ ನಾಲ್ಕು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ನೀರು ಎಲ್ಲಿಂದ ಬರುತ್ತದೆ? ಹರಿಯುತ್ತದೋ, ನಿಲ್ಲುತ್ತದೋ, ಒಸರುತ್ತದೋ? ವರ್ಷದಲ್ಲಿ ಎಷ್ಟು ಕಾಲ ಇರುತ್ತದೆ? ತಾನಾಗಿ ಆದದ್ದೋ, ಮನುಷ್ಯರು ಮಾಡಿದ್ದೋ?

ಮಳೆಗಾಲದವರೆಗೆ ಕಾಯಲು ಆಗದಿದ್ದರೆ ಗುರುತು ಹುಡುಕಿ. ಮರದ ಬುಡದಲ್ಲಿ ಒಣಗಿದ ಕೆಸರಿನ ಗೆರೆ, ಬೇಲಿಗೆ ಸಿಕ್ಕಿಕೊಂಡ ಕಸಕಡ್ಡಿ, ಗೋಡೆಯ ಮೇಲಿನ ನೀರಿನ ಕಲೆ, ಇವೆಲ್ಲ ಹೋದ ಮಳೆಗಾಲದ ಲೆಕ್ಕ ಹೇಳುತ್ತವೆ. ಜಾಗ ಕೊಳ್ಳಲು ಬರುವವರು ಸಾಮಾನ್ಯವಾಗಿ ಬೇಸಿಗೆಯಲ್ಲೇ ಬರುತ್ತಾರೆ ಅಲ್ವಾ? ಅಂಥವರಿಗೆ ಈ ಗುರುತುಗಳೇ ಆಧಾರ.

ಹಂತ 2: ಮೇಲಿನಿಂದ ಕೆಳಕ್ಕೆ ಬನ್ನಿ

ನೀರು ಇಳಿಯುವ ದಾರಿಯಲ್ಲೇ ನೀವೂ ಇಳಿಯುತ್ತಾ ಬರೆಯಿರಿ. ಕೊಡಗಿನ ಬಹುಪಾಲು ಜಾಗಗಳಲ್ಲಿ ಕ್ರಮ ಒಂದೇ: ಮೇಲೆ ಬೆಟ್ಟ, ಅದರ ಕೆಳಗೆ ಕಾಡು ಅಥವಾ ಬಾಣೆ, ಇಳಿಜಾರಿನಲ್ಲಿ ಕಾಫಿ ತೋಟ, ತಗ್ಗಿನಲ್ಲಿ ಗದ್ದೆ, ಗದ್ದೆಯ ನಡುವೆ ಅಥವಾ ಅಂಚಿನಲ್ಲಿ ತೋಡು.

ಬಾಣೆ ಅಂದರೆ ಗದ್ದೆಗೆ ಹೊಂದಿಕೊಂಡು ಬಂದ ಮೇಲಿನ ನೆಲ. ಸೌದೆ, ಸೊಪ್ಪು, ದನದ ಮೇವಿಗೆಂದು ಗದ್ದೆಯ ಜೊತೆಗೇ ಸೇರಿಸಿ ಕೊಟ್ಟದ್ದು. ಇವತ್ತು ಬಹಳಷ್ಟು ಬಾಣೆಗಳಲ್ಲಿ ಕಾಫಿ ಇದೆ. ಆದರೂ ಹೆಸರು ಉಳಿದಿದೆ. ಬಾಣೆಯನ್ನು ಸುಮ್ನೆ "ಗುಡ್ಡ" ಅಂತ ಬರೆದರೆ ಕೆಳಗಿನ ಗದ್ದೆಯ ಜೊತೆಗಿನ ನಂಟು ಕಾಣೆಯಾಗುತ್ತದೆ.

ಬರೆ ಅಂದರೆ ಕಡಿದಾದ ಮಣ್ಣಿನ ಗೋಡೆ. ರಸ್ತೆಗೋ ಮನೆಗೋ ಗುಡ್ಡ ಕಡಿದಾಗ ಹಿಂದೆ ಉಳಿಯುವ ನೇರ ಮುಖ ಇದು. "ಮನೆ ಹಿಂದಿನ ಬರೆ ಕುಸಿಯಿತು" ಅನ್ನುವ ಸಾಲು ಇಲ್ಲಿನ ಮಳೆ ಸುದ್ದಿಗಳಲ್ಲಿ ದಿನವೂ ಕಾಣುತ್ತದೆ. ಹೊರಗಿನ ಓದುಗರಿಗೆ ಬರೆ ಎಂದರೆ ಸುಟ್ಟ ಗಾಯದ ಗುರುತು. ಜಿಲ್ಲೆಯ ಹೊರಗೆ ಹೋಗುವ ಬರಹವಾದರೆ ಮೊದಲ ಸಲ "ಬರೆ, ಅಂದರೆ ಕಡಿದ ಗುಡ್ಡದ ಮುಖ" ಎಂದು ಬಿಡಿಸಿ ಹೇಳಿ. ಆಮೇಲೆ ಧೈರ್ಯವಾಗಿ ಬರೆ ಅಂತಲೇ ಬಳಸಿ.

ಇಲ್ಲಿ ಎಡವುವ ಜಾಗ ಒಂದಿದೆ: ಕಡಂಗ. ಹಳೆಯ ಕಾಲದಲ್ಲಿ ಗಡಿಗೂ ರಕ್ಷಣೆಗೂ ತೋಡಿದ ಉದ್ದದ ಕಂದಕಗಳಿಗೆ ಕೊಡಗಿನಲ್ಲಿ ಕಡಂಗ ಎನ್ನುತ್ತಾರೆ. ಮಳೆಗಾಲದಲ್ಲಿ ಇದರಲ್ಲಿ ನೀರು ಹರಿಯಬಹುದು. ಅಷ್ಟಕ್ಕೇ ಅದನ್ನು ಕಾಲುವೆ ಅಂತ ಬರೆಯಬೇಡಿ. ಕಾಲುವೆಯನ್ನು ನೀರಿಗಾಗಿ ತೋಡುತ್ತಾರೆ. ಕಡಂಗದಲ್ಲಿ ಮಳೆನೀರು ಸುಮ್ನೆ ದಾರಿ ಮಾಡಿಕೊಂಡಿದೆ ಅಷ್ಟೆ. ವಿರಾಜಪೇಟೆ ಕಡೆ ಕಡಂಗ ಅನ್ನುವ ಊರೂ ಇರುವುದರಿಂದ, ಊರೋ ಕಂದಕವೋ ಅನ್ನುವುದು ವಾಕ್ಯದಲ್ಲೇ ಗೊತ್ತಾಗಬೇಕು.

ಹಂತ 3: ಹರಿಯುವ ನೀರಿಗೆ ಹೆಸರು ಕೊಡಿ

ಚಿಕ್ಕದರಿಂದ ಶುರು ಮಾಡೋಣ.

ಒರತೆ ಅಥವಾ ಒಸರು ನೆಲದಿಂದ ಜಿನುಗುವ ನೀರು. ಅದು ಬಂಡೆಯ ಸಂದಿನಿಂದ ಚಿಮ್ಮುವ ಹಾಗಿದ್ದರೆ ಬುಗ್ಗೆ ಅಥವಾ ಚಿಲುಮೆ.

ಕೊಲ್ಲಿ ಎಂಬ ಪದದಲ್ಲಿ ಬಹಳ ಜನ ಎಡವುತ್ತಾರೆ. ಶಾಲೆಯ ಭೂಗೋಳದಲ್ಲಿ ಕೊಲ್ಲಿ ಎಂದರೆ ಸಮುದ್ರ ಭೂಮಿಯೊಳಗೆ ಚಾಚಿಕೊಂಡ ಭಾಗ. ಬಂಗಾಳ ಕೊಲ್ಲಿ ಎಲ್ಲರಿಗೂ ಗೊತ್ತು. ಕೊಡಗಿನಲ್ಲಿ ಕೊಲ್ಲಿ ಎಂದರೆ ಬೆಟ್ಟದ ಕಿರಿದಾದ ಸಂದಿನಲ್ಲಿ ಇಳಿಯುವ ಸಣ್ಣ ಹರಿವು. ಆ ನೀರು ಮತ್ತು ಅದು ಹರಿಯುವ ಕಮರಿ, ಎರಡಕ್ಕೂ ಸೇರಿ ಅದೊಂದೇ ಹೆಸರು. ನೆಲ ಮತ್ತು ನೀರನ್ನು ಒಟ್ಟಿಗೆ ಹಿಡಿಯುವ ಇಂಥ ಪದ ಸಿಕ್ಕಾಗ ಬಿಡಬೇಡಿ. "ಕಿರು ಕಣಿವೆಯ ತೊರೆ" ಅಂತ ಬರೆಯುವುದಕ್ಕಿಂತ "ಕೊಲ್ಲಿ" ಎಷ್ಟೋ ಮೇಲು. ಹೊರಗಿನವರಿಗೆ ಒಂದು ಸಾಲಿನ ವಿವರಣೆ ಕೊಟ್ಟರೆ ಸಾಕು.

ತೋಡು ಗದ್ದೆ, ತೋಟಗಳ ನಡುವೆ ಹರಿಯುವ ಚಿಕ್ಕ ನೀರು. ಪಕ್ಕದ ದಕ್ಷಿಣ ಕನ್ನಡದಲ್ಲೂ ಇದೇ ಮಾತು. ಮೈಸೂರು ಕಡೆಯವರು ಹಳ್ಳ ಎನ್ನುತ್ತಾರೆ. ಅಲ್ಲಿನ ಹಳ್ಳ ಬೇಸಿಗೆಯಲ್ಲಿ ಒಣಗುವುದೇ ಜಾಸ್ತಿ. ಇಲ್ಲಿನ ಎಷ್ಟೋ ತೋಡುಗಳಲ್ಲಿ ಬೇಸಿಗೆಯಲ್ಲೂ ಎಳೆಯಷ್ಟಾದರೂ ನೀರಿರುತ್ತದೆ. ನಿಮ್ಮದು ಬತ್ತುವ ತೋಡೋ ಬತ್ತದ ತೋಡೋ ಅನ್ನುವುದನ್ನು ತಪ್ಪದೆ ಬರೆಯಿರಿ. ಓದುವವರಿಗೆ ಉದ್ದ ಅಗಲಕ್ಕಿಂತ ಇದು ಮುಖ್ಯ.

ಹೊಳೆ ಅದಕ್ಕಿಂತ ದೊಡ್ಡದು. ಕೊಡವ ತಕ್ಕ್‌ನಲ್ಲಿ ಪೊಳೆ. ನದಿ ಅನ್ನುವುದು ಪುಸ್ತಕದ, ನಕ್ಷೆಯ ಮಾತು. ದಡದಲ್ಲಿ ಬದುಕುವವರು ಕಾವೇರಿಯನ್ನೂ "ಹೊಳೆ" ಎಂದೇ ಕರೆಯುತ್ತಾರೆ. "ಹೊಳೆ ಏರಿದೆ" ಅಂದರೆ ಸಾಕು, ಯಾವ ಹೊಳೆ ಅಂತ ಯಾರೂ ಕೇಳುವುದಿಲ್ಲ. ಹೆಸರಿನಲ್ಲೇ ಹೊಳೆ ಇದ್ದರೆ ಮತ್ತೆ ನದಿ ಸೇರಿಸುವ ಅಗತ್ಯವಿಲ್ಲ. ಬರಪೊಳೆ ಅಂದರೆ ಆಯಿತು, "ಬರಪೊಳೆ ನದಿ" ಬೇಡ. ಅಬ್ಬಿ ಅಂದರೇ ಜಲಪಾತ. ಹಾಗಿದ್ದೂ "ಅಬ್ಬಿ ಫಾಲ್ಸ್" ಅನ್ನುವುದು ಬೋರ್ಡುಗಳಲ್ಲಿ ಎಷ್ಟು ಬೇರೂರಿದೆ ಅಂದರೆ ಅದನ್ನು ಕೀಳಲು ಹೋಗುವುದು ವ್ಯರ್ಥ. ನಿಮ್ಮ ತೋಟದ ಅಬ್ಬಿಗಾದರೂ ಬರೀ ಅಬ್ಬಿ ಎಂದು ಬರೆಯಿರಿ.

ಹೆಸರಿನ ಇನ್ನೊಂದು ಗೊಂದಲ: ಹಟ್ಟಿಹೊಳೆ ಅಂದರೆ ಊರೂ ಹೌದು, ಹೊಳೆಯೂ ಹೌದು. ಚಿಕ್ಲಿಹೊಳೆ ಅಂದರೆ ಹೊಳೆ ಮತ್ತು ಜಲಾಶಯ. ಬ್ರಹ್ಮಗಿರಿ ಅಂತೂ ಜಿಲ್ಲೆಯಲ್ಲಿ ಎರಡಿವೆ. ಒಂದು ತಲಕಾವೇರಿಯ ಮೇಲಿನ ಬೆಟ್ಟ. ಇನ್ನೊಂದು ದಕ್ಷಿಣದಲ್ಲಿ, ಇರ್ಪು ಜಲಪಾತ ಇರುವ ಕೇರಳ ಗಡಿಯ ಸಾಲು. "ಬ್ರಹ್ಮಗಿರಿಯಿಂದ ಹರಿಯುವ ನೀರು" ಎಂದಷ್ಟೇ ಬರೆದರೆ ಅದು ಕಾವೇರಿಯೋ ಲಕ್ಷ್ಮಣತೀರ್ಥವೋ ಗೊತ್ತಾಗುವುದಿಲ್ಲ.

ಕಡೆಯದಾಗಿ, ನೀರು ಹೋಗುವ ದಿಕ್ಕು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕೊಡಗಿನ ಎಲ್ಲ ನೀರೂ ಕಾವೇರಿಗೆ ಸೇರುತ್ತದೆ ಅನ್ನುವ ಭಾವನೆ ಇದೆ. ಅದು ತಪ್ಪು. ಹಾರಂಗಿ ಕೂಡಿಗೆಯಲ್ಲಿ ಕಾವೇರಿ ಸೇರುತ್ತದೆ. ಲಕ್ಷ್ಮಣತೀರ್ಥ ಕೆಆರ್‌ಎಸ್ ಹಿನ್ನೀರಿನಲ್ಲಿ ಸೇರುತ್ತದೆ. ಇವು ಪೂರ್ವಕ್ಕೆ ಹೋಗುವ ನೀರು. ಆದರೆ ಸಂಪಾಜೆ ಕಡೆಯ ಪಯಸ್ವಿನಿ ಸುಳ್ಯ ದಾಟಿ ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಮಲ್ಲಳ್ಳಿ ಜಲಪಾತದ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡುತ್ತದೆ. ಬರಪೊಳೆ ಕೇರಳಕ್ಕೆ ಇಳಿದು ವಳಪಟ್ಟಣಂ ನದಿಗೆ ನೀರಾಗುತ್ತದೆ. "ಈ ತೋಡಿನ ನೀರು ಕೊನೆಗೆ ಎಲ್ಲಿ ಸೇರುತ್ತದೆ?" ಅನ್ನುವ ಒಂದು ಸಾಲು ನಿಮ್ಮ ಬರಹದಲ್ಲಿ ಇರಲಿ. ಜಲಾನಯನ ಪ್ರದೇಶ ಎಂಬ ದೊಡ್ಡ ಪದದ ಅರ್ಥ ಇಷ್ಟೇ: ಒಂದು ಹೊಳೆಗೆ ನೀರು ಒದಗಿಸುವ ಅಷ್ಟೂ ನೆಲ.

ಹಂತ 4: ನಿಂತ ನೀರು, ಒಸರುವ ನೆಲ

ಕೆರೆ ಅನ್ನುವಾಗ ಒಮ್ಮೆ ಯೋಚಿಸಿ. ಬಯಲುಸೀಮೆಯ ಓದುಗರಿಗೆ ಕೆರೆ ಎಂದರೆ ಏರಿ, ತೂಬು, ಕೋಡಿ ಎಲ್ಲ ಇರುವ ದೊಡ್ಡ ನೀರು. ಏರಿ ಅಂದರೆ ನೀರು ತಡೆಯುವ ಮಣ್ಣಿನ ದಿಬ್ಬ, ತೂಬು ಅಂದರೆ ನೀರು ಬಿಡುವ ಬಾಯಿ, ಕೋಡಿ ಅಂದರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಹೋಗುವ ಜಾಗ. ಸೋಮವಾರಪೇಟೆ ಕಡೆಯ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಯ ಹೆಸರು ಹೇಳಿದರೆ ಅವರಿಗೆ ಅರ್ಥವಾಗುತ್ತದೆ. ಆದರೆ ಕಾಫಿ ತೋಟದವರು "ನಮ್ಮ ಕೆರೆ" ಅನ್ನುವುದು ಹೆಚ್ಚಾಗಿ ಒರತೆಯ ಜಾಗದಲ್ಲಿ ತೋಡಿದ ಹೊಂಡವನ್ನು. ಹೂಮಳೆ, ಅಂದರೆ ಕಾಫಿ ಹೂ ಬಿಡಿಸುವ ಮಳೆ, ಕೈಕೊಟ್ಟ ವರ್ಷ ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಓಡಿಸಲು ಇದೇ ನೀರು ಬೇಕು. ಹಾಗಾಗಿ "ತೋಟದ ಕೆರೆ, ಒರತೆ ನೀರಿನದು" ಎಂದು ಬರೆದರೆ ಎಲ್ಲರಿಗೂ ಸರಿಹೋಗುತ್ತದೆ.

ಹಿನ್ನೀರು ಅಣೆಕಟ್ಟೆಯ ಹಿಂದೆ ನಿಲ್ಲುವ ನೀರು. ಇದರ ದಡ ಸ್ಥಿರವಲ್ಲ. ಹಾರಂಗಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2,859 ಅಡಿ ಇರುತ್ತದೆ. ಬೇಸಿಗೆಯಲ್ಲಿ ನೀರು ಬಹಳ ಹಿಂದೆ ಸರಿದು ಕೆಸರು, ಹುಲ್ಲು, ಹಳೆಯ ಮರದ ಬೊಡ್ಡೆ ಕಾಣುತ್ತವೆ. ಹಿನ್ನೀರಿನ ದಡದಲ್ಲಿ ನಿಮ್ಮ ಜಾಗ ಇದೆ ಎಂದರೆ ಯಾವ ತಿಂಗಳ ದಡ ಅನ್ನುವುದನ್ನೂ ಹೇಳಬೇಕು. ಇಲ್ಲದಿದ್ದರೆ ಏಪ್ರಿಲ್‌ನಲ್ಲಿ ಬಂದ ಅತಿಥಿ ನೀರು ಹುಡುಕಿಕೊಂಡು ನಡೆಯಬೇಕಾಗುತ್ತದೆ.

ಈಗ ಕಾಲಿಟ್ಟರೆ ಹೂತುಹೋಗುವ ಆ ಜಾಗ. ಮೇಲೆ ಹುಲ್ಲು, ಕೆಳಗೆ ನೀರು ಹಿಡಿದ ಮಣ್ಣು, ವರ್ಷದ ಹೆಚ್ಚು ಕಾಲ ಒದ್ದೆ ಇದ್ದರೆ ಅದು ಜೌಗು. ಮಳೆಗಾಲದಲ್ಲಿ ಮಾತ್ರ ಮೆತ್ತಗಾಗುವುದಾದರೆ ಬರೀ ಕೆಸರು. ಕಾಲು ಇಳಿದು ವಾಪಸ್ ಬರದಷ್ಟು ಆಳವಾದರೆ ಹುದುಲು. ಈ ಮೂರನ್ನು ಬೆರೆಸಬೇಡಿ, ಏಕೆಂದರೆ ಹುದುಲಿಗೆ ದನ ಬಿದ್ದರೆ ಎತ್ತುವುದು ಕಷ್ಟ. ಎಚ್ಚರಿಕೆ ಹೇಳುವಾಗ ಹುದುಲು ಅಂತಲೇ ಹೇಳಬೇಕು. ಹೂಳು ಬೇರೆ. ಅದು ನೀರು ಹೊತ್ತು ತಂದು ತಳದಲ್ಲಿ ಬಿಟ್ಟುಹೋಗುವ ಮಣ್ಣು.

ನಾಗರಹೊಳೆ ಕಾಡಿನ ಅಂಚಿನವರು ಹಡ್ಲು ಎನ್ನುತ್ತಾರೆ. ಕಾಡಿನ ನಡುವೆ ತಗ್ಗಿನಲ್ಲಿ ಇರುವ ಜೌಗು ಹುಲ್ಲುಬಯಲು ಅದು. ಜೇಡಿ ಮಣ್ಣು ನೀರು ಹಿಡಿದಿಡುವುದರಿಂದ ಅಲ್ಲಿ ದೊಡ್ಡ ಮರ ಬೆಳೆಯುವುದಿಲ್ಲ. ಬೇಸಿಗೆಯಲ್ಲೂ ಹಸಿರು ಇರುವುದರಿಂದ ಆನೆ, ಕಾಟಿ (ಕಾಡೆಮ್ಮೆ) ಮೇಯಲು ಬರುತ್ತವೆ. ಈ ಪದವನ್ನು ಕರಾವಳಿಯ ಹಡಿಲು ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಉಡುಪಿ ಕಡೆ ಹಡಿಲು ಗದ್ದೆ ಅಂದರೆ ಬೇಸಾಯ ಮಾಡದೆ ಪಾಳು ಬಿಟ್ಟ ಗದ್ದೆ.

ಹಂತ 5: ಗದ್ದೆಯನ್ನು ನಿಧಾನವಾಗಿ ಬರೆಯಿರಿ

ಕೊಡಗಿನಲ್ಲಿ ನೆಲವೂ ನೀರೂ ಬೆರೆತ ಜಾಗ ಅಂದರೆ ಎಲ್ಲಕ್ಕಿಂತ ಮೊದಲು ಗದ್ದೆ. ಬರೆಯುವವರು ಮಾತ್ರ "ಹಸಿರು ಭತ್ತದ ಗದ್ದೆಗಳು" ಎಂದು ಒಂದೇ ಏಟಿಗೆ ಮುಗಿಸುತ್ತಾರೆ. ಅದರೊಳಗಿನ ಭಾಗಗಳಿಗೆಲ್ಲ ಹೆಸರಿದೆ.

ಸಸಿ ಬೆಳೆಸುವ ಚಿಕ್ಕ ತುಂಡು ಸಸಿಮಡಿ. ಒಂದು ಗದ್ದೆಯಿಂದ ಇನ್ನೊಂದನ್ನು ಬೇರೆ ಮಾಡುವ ಮಣ್ಣಿನ ಅಂಚು ಬದು. ನಡೆಯಲು ದಾರಿಯೂ ಅದೇ, ನೀರು ಹಿಡಿಯುವ ಗೋಡೆಯೂ ಅದೇ. ಬದುವಿನಲ್ಲಿ ನೀರು ಇಳಿಸಲು ಬಿಡಿಸುವ ಜಾಗವನ್ನು ಕೆಲವರು ಬಾಯಿ ಎನ್ನುತ್ತಾರೆ, ಕೆಲವರು ಕಂಡಿ ಎನ್ನುತ್ತಾರೆ. ನಿಮ್ಮ ಊರಿನ ಮಾತು ಯಾವುದೋ ಅದನ್ನೇ ಬರೆಯಿರಿ. ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪು ಹಾಕಿ ತಾತ್ಕಾಲಿಕವಾಗಿ ನೀರು ನಿಲ್ಲಿಸಿದರೆ ಅದು ಕಟ್ಟ. ಸಿಮೆಂಟಿನಲ್ಲಿ ಖಾಯಂ ಆಗಿ ಕಟ್ಟಿದ್ದರೆ ಚೆಕ್‌ಡ್ಯಾಂ ಎಂದೇ ಎಲ್ಲರೂ ಹೇಳುತ್ತಾರೆ, ಹಾಗೇ ಬರೆದರೆ ಸಾಕು.

ಗದ್ದೆಯ ಕಾಲವನ್ನೂ ಹೇಳಿ. ಉಳುಮೆಗೆ ಮುಂಚೆ ಒಣ ಬಯಲು. ನಾಟಿಯ ಹೊತ್ತಿಗೆ ಕನ್ನಡಿಯಂಥ ನೀರು. ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ ಹಬ್ಬ ಬರುವಾಗ ನಾಟಿ ಮುಗಿದು ಹಸಿರು. ನವೆಂಬರ್, ಡಿಸೆಂಬರ್‌ನಲ್ಲಿ ಸುಗ್ಗಿಯ ಹಬ್ಬ ಪುತ್ತರಿಯ ಹೊತ್ತಿಗೆ ನೀರು ಬಿಟ್ಟು ಹೊಂಬಣ್ಣದ ಪೈರು. ಕೊಯ್ಲಾದ ಮೇಲೆ ಕೂಳೆ, ಅಂದರೆ ನೆಲದಲ್ಲಿ ಉಳಿದ ಬುಡದ ಕಡ್ಡಿ. ಒಂದೇ ತುಂಡು ನೆಲ ಒಂದೇ ವರ್ಷದಲ್ಲಿ ಕೆರೆಯಾಗಿ, ಬಯಲಾಗಿ, ಮೇವಿನ ಜಾಗವಾಗಿ ಬದಲಾಗುತ್ತದೆ. ಯಾವ ತಿಂಗಳ ಗದ್ದೆ ಎಂದು ಹೇಳದಿದ್ದರೆ ವಿವರಣೆ ಅರ್ಧಕ್ಕೇ ನಿಂತಂತೆ.

ಸಂಪಾಜೆ ಘಾಟಿ ಇಳಿದು ಸುಳ್ಯದ ಕಡೆ ಹೋದರೆ ಬೇರೆ ಲೆಕ್ಕ ಕೇಳಿಸುತ್ತದೆ: ಬೈಲು, ಮಜಲು, ಬೆಟ್ಟು. ತಗ್ಗಿನಲ್ಲಿದ್ದು ನೀರು ಹೆಚ್ಚು ಕಾಲ ಸಿಗುವುದು ಬೈಲು. ನಡುವಿನದು ಮಜಲು. ಮೇಲಿದ್ದು ಮಳೆಯನ್ನೇ ನಂಬಿರುವುದು ಬೆಟ್ಟು. ಗದ್ದೆಯನ್ನು ನೀರಿನಿಂದಲೇ ಅಳೆಯುವ ಒಳ್ಳೆಯ ವಿಂಗಡಣೆ ಇದು. ಆದರೆ ಬೆಟ್ಟು ಅಂದರೆ ಬೆಟ್ಟ ಅಲ್ಲ. ಗದ್ದೆಯನ್ನು ಬೆಟ್ಟದ ಮೇಲೆ ಹತ್ತಿಸಿಬಿಟ್ಟ ಬರಹಗಳನ್ನು ನಾನು ಓದಿದ್ದೇನೆ.

ಕಾಫಿ ತೋಟದೊಳಗೂ ನೀರಿನ ಕೆಲಸ ಇದೆ. ಇಳಿಜಾರಿನಲ್ಲಿ ಗಿಡಗಳ ಸಾಲಿನ ನಡುವೆ ಮಳೆನೀರು ಇಂಗಲು ತೋಡುವ ಉದ್ದನೆಯ ಗುಂಡಿಗಳಿಗೆ ತೊಟ್ಟಿಲು ಗುಂಡಿ ಎನ್ನುತ್ತಾರೆ. ಹೆಚ್ಚಾದ ನೀರನ್ನು ಹೊರಗೆ ಕಳಿಸುವುದು ಚರಂಡಿ. ಒಂದು ನೀರು ಹಿಡಿಯಲು, ಇನ್ನೊಂದು ನೀರು ಬಿಡಲು.

ಹಂತ 6: ಅಂಚು ಮತ್ತು ನೀರಿನ ನಡುವಿನ ನೆಲ

ದಡ, ದಂಡೆ, ತೀರ ಮೂರೂ ಅಂಚೇ. ಹೊಳೆಗೆ ದಡ ಸಹಜವಾಗಿ ಕೇಳಿಸುತ್ತದೆ. ತೀರ ಅಂದರೆ ಸಮುದ್ರ ನೆನಪಾಗುತ್ತದೆ. ದಂಡೆ ನಾಲೆಗೂ ಆಡಳಿತದ ಭಾಷೆಗೂ ಹೊಂದುತ್ತದೆ.

ಎಡ, ಬಲದ ನಿಯಮ ನೆನಪಿಡಿ. ನೀರು ಹೋಗುವ ಕಡೆಗೆ ಮುಖ ಮಾಡಿ ನಿಂತಾಗ ಎಡಗಡೆ ಇರುವುದು ಎಡದಂಡೆ, ಬಲಗಡೆ ಇರುವುದು ಬಲದಂಡೆ. ನೀವು ಎಲ್ಲಿ ನಿಂತು ನೋಡುತ್ತಿದ್ದೀರಿ ಅನ್ನುವುದು ಲೆಕ್ಕಕ್ಕಿಲ್ಲ. ಕುಶಾಲನಗರದ ಹತ್ತಿರ ಕಾವೇರಿ ಉತ್ತರಕ್ಕೆ ಹರಿಯುತ್ತದೆ. ಹಾಗಾಗಿ ಕುಶಾಲನಗರ ಎಡದಂಡೆ, ಸೇತುವೆ ದಾಟಿದರೆ ಸಿಗುವ ಕೊಪ್ಪ ಬಲದಂಡೆ. ನೆರೆಯ ಅರ್ಜಿಯಲ್ಲಿ ಇದು ತಿರುವುಮುರುವಾದರೆ ಅಧಿಕಾರಿಗಳು ಹೊಳೆಯ ಆಚೆ ಕಡೆ ನಿಮ್ಮನ್ನು ಹುಡುಕುತ್ತಾರೆ.

ನೀರಿನ ನಡುವೆ ನೆಲ ಇದ್ದರೆ ಮೂರು ಪದ ಸಾಕು. ಬೇಸಿಗೆಯಲ್ಲಿ ಕಂಡು ಮಳೆಗಾಲದಲ್ಲಿ ಮುಳುಗುವುದು ಮರಳುದಿಣ್ಣೆ. ಸದಾ ಇದ್ದು, ಗಿಡಮರ ಬೆಳೆದು, ಹೊಳೆ ಎರಡು ಕವಲಾಗಿ ಸುತ್ತುವರಿದಿದ್ದರೆ ಅದು ನಡುಗಡ್ಡೆ. ಕುಶಾಲನಗರ ಹತ್ತಿರದ ಕಾವೇರಿ ನಿಸರ್ಗಧಾಮ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ, ಸುಮಾರು 64 ಎಕರೆಯ ನಡುಗಡ್ಡೆ. ತುಳು ಬಲ್ಲವರು ಕುದುರು ಎನ್ನುತ್ತಾರೆ. ದ್ವೀಪ ಎನ್ನುವುದನ್ನು ಸಮುದ್ರಕ್ಕೆ ಬಿಡುವುದು ಒಳ್ಳೆಯದು. ಬೋರ್ಡಿನ ಪ್ರಶ್ನೆಗೆ ನನ್ನ ಉತ್ತರ: ವರ್ಷವಿಡೀ ನಾಲ್ಕೂ ಕಡೆ ನೀರಿದ್ದರೆ ನಡುಗಡ್ಡೆ ಎಂದು ಹಾಕಿ. ಮೂರು ಕಡೆ ಮಾತ್ರ ಇದ್ದರೆ "ಹೊಳೆಯ ತಿರುವಿನಲ್ಲಿ" ಎನ್ನಿ. ಅದೂ ಚೆನ್ನಾಗಿಯೇ ಕೇಳಿಸುತ್ತದೆ.

ಹೊಳೆಗೆ ಇಳಿಯುವ ಅತಿಥಿಗಳಿಗಾಗಿ ಬರೆಯುತ್ತಿದ್ದರೆ ಮೂರು ಎಚ್ಚರಿಕೆಯ ಪದಗಳನ್ನು ಬಿಡಲೇಬೇಡಿ. ಮಡು ಅಂದರೆ ಮೇಲೆ ಶಾಂತವಾಗಿ ಕಂಡು ಒಳಗೆ ಆಳವಿರುವ ಜಾಗ. ಸುಳಿ ಅಂದರೆ ನೀರು ತಿರುಗುವ ಜಾಗ. ಸೆಳೆತ ಅಂದರೆ ಎಳೆದುಕೊಂಡು ಹೋಗುವ ವೇಗ. "ಆಳವಿದೆ ಎಚ್ಚರ" ಅನ್ನುವುದಕ್ಕಿಂತ "ಬಂಡೆಯ ಕೆಳಗೆ ಮಡು ಇದೆ, ಮಳೆಗಾಲದಲ್ಲಿ ಸೆಳೆತ ಜೋರು, ಇಳಿಯಬೇಡಿ" ಅನ್ನುವುದು ಜೀವ ಉಳಿಸುತ್ತದೆ.

ಹಂತ 7: ಮಳೆಗಾಲದ ಮಾತು ಅಳೆದು ಆಡಿ

ಹೊಳೆ ದಡ ಮೀರಿ ಬಂದರೆ ನೆರೆ. ಪ್ರವಾಹ ಅಂದರೂ ಅದೇ. ಜಲಾವೃತ ಅಂದರೆ ಸುತ್ತ ನೀರು ಬಂದಿದೆ ಎಂದರ್ಥ, ಜಾಗ ಒಳಗೆ ಒಣಗಿಯೇ ಇರಬಹುದು. ಮುಳುಗಡೆ ಅಂದರೆ ಮೇಲೆಯೇ ನೀರು ನಿಂತಿದೆ. ಸುದ್ದಿ ಬರೆಯುವವರು ಎರಡನ್ನೂ ಒಂದೇ ಎಂಬಂತೆ ಬಳಸುತ್ತಾರೆ. ಮನೆ ಜಲಾವೃತವಾಗಿದ್ದರೆ ದೋಣಿ ಬೇಕು. ಮುಳುಗಡೆಯಾಗಿದ್ದರೆ ದೋಣಿಯ ಜೊತೆಗೆ ಉಳಿಯಲು ಬೇರೆ ಜಾಗವೂ ಬೇಕು. ಭಾಗಮಂಡಲದ ಸಂಗಮದಲ್ಲಿ, ಸಿದ್ದಾಪುರ ಹತ್ತಿರದ ಕರಡಿಗೋಡಿನಂಥ ಹೊಳೆದಡದ ಊರುಗಳಲ್ಲಿ ಈ ವ್ಯತ್ಯಾಸ ಪದದ ಜಗಳವಲ್ಲ.

ನೀರಿನ ಲೆಕ್ಕದಲ್ಲಿ ಎರಡು ಪದ ಬರುತ್ತವೆ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಹೆಚ್ಚುಕಡಿಮೆ 28 ಲೀಟರ್. ಇದು ಹರಿವಿನ ಅಳತೆ. ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಇದು ಸಂಗ್ರಹದ ಅಳತೆ. "ಹೊಳೆಯಲ್ಲಿ ಇಷ್ಟು ಟಿಎಂಸಿ ಹರಿಯುತ್ತಿದೆ" ಎಂದು ಬರೆದರೆ ಎಷ್ಟು ಹೊತ್ತಿನಲ್ಲಿ ಎಂದೂ ಹೇಳಬೇಕು.

ಕುಸಿತಕ್ಕೂ ಬೇರೆ ಬೇರೆ ಹೆಸರು ಬೇಕು. ಬರೆ ಕುಸಿತ ಕಡಿದ ಮುಖವೊಂದು ಜಾರುವುದು. ಗುಡ್ಡ ಕುಸಿತ ಅಥವಾ ಭೂಕುಸಿತ ಇಡೀ ಇಳಿಜಾರು ಇಳಿಯುವುದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಆದದ್ದು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಆದದ್ದು ಈ ಎರಡನೆಯ ಬಗೆ. ಮಣ್ಣು, ಮರ, ಕಲ್ಲು ನೀರಿನ ಜೊತೆ ಸೇರಿ ಕೊಲ್ಲಿಯ ದಾರಿಯಲ್ಲೇ ಹರಿದು ಬಂದರೆ ಅದನ್ನು ಕೆಸರಿನ ಹೊಳೆ ಎಂದು ಬಿಡಿಸಿ ಹೇಳುವುದು ಒಳ್ಳೆಯದು. ಜನ ಜಲಸ್ಫೋಟ ಎಂಬ ಪದವನ್ನೂ ಬಳಸುತ್ತಾರೆ. ಬೆಟ್ಟದೊಳಗಿಂದ ನೀರು ನುಗ್ಗಿದ್ದನ್ನು ಕಂಡವರ ಮಾತಾಗಿ ಅದನ್ನು ಬರೆಯಿರಿ, ಕಾರಣವಾಗಿ ಬರೆಯಬೇಡಿ. ಗುಡ್ಡದಲ್ಲಿ ಹೊಸ ಬಿರುಕು, ಇಲ್ಲದಿದ್ದಲ್ಲಿ ಹೊಸ ಒಸರು, ಇದ್ದಕ್ಕಿದ್ದಂತೆ ಕೆಂಪಾದ ತೋಡಿನ ನೀರು ಕಂಡರೆ ಪದ ಹುಡುಕುತ್ತ ಕೂರಬೇಡಿ. ಮೊದಲು ಅಲ್ಲಿಂದ ಹೊರಡಿ, ಆಮೇಲೆ ಫೋನ್ ಮಾಡಿ.

ಹಂತ 8: ಕಾಗದದ ಮಾತು ಬೇರೆ

ಪಹಣಿಯಲ್ಲಿ ತರಿ, ಖುಷ್ಕಿ, ಬಾಗಾಯ್ತು ಎಂದು ಇರುತ್ತದೆ. ತರಿ ಎಂದರೆ ನೀರಿನ ಬೇಸಾಯದ ನೆಲ, ಅಂದರೆ ಗದ್ದೆ. ಖುಷ್ಕಿ ಎಂದರೆ ಒಣ ಬೇಸಾಯ. ಬಾಗಾಯ್ತು ಎಂದರೆ ತೋಟ. ಖರಾಬು ಎಂದರೆ ಬೇಸಾಯಕ್ಕೆ ಬಾರದ ಭಾಗ. ಅದರಲ್ಲಿ "ಬಿ" ಖರಾಬು ಎಂದಿದ್ದರೆ ದಾರಿ, ತೋಡು, ಕೆರೆಯಂತಹ ಸಾರ್ವಜನಿಕ ಬಳಕೆಯ ಭಾಗ. ನಿಮ್ಮ ತೋಟದ ಮಧ್ಯೆ ಹರಿಯುವ ನೀರು ಅದರಲ್ಲಿ ಸೇರಿದೆಯೇ ನೋಡಿಕೊಳ್ಳಿ. "ನಮ್ಮ ತೋಡು" ಎಂದು ಬರೆಯುವ ಮುಂಚೆ ಇದು ಬಹಳ ಮುಖ್ಯ.

ತೇವಭೂಮಿ ಅಥವಾ ಜೌಗು ಪ್ರದೇಶ ಎಂಬ ಸರ್ಕಾರಿ ಪದದ ಬಗ್ಗೆಯೂ ತುಂಬ ಜನ ಕೇಳುತ್ತಾರೆ. 1971ರಲ್ಲಿ ಇರಾನಿನ ರಾಮ್ಸಾರ್ ಊರಿನಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ವಿಂಗಡಣೆಯಲ್ಲಿ ಭತ್ತದ ಗದ್ದೆಯೂ ಸೇರುತ್ತದೆ. ನಮ್ಮ ದೇಶದ 2017ರ ತೇವಭೂಮಿ ನಿಯಮಗಳಲ್ಲಿ ಗದ್ದೆಯನ್ನೂ ನದಿಯ ಪಾತ್ರವನ್ನೂ ಹೊರಗಿಟ್ಟಿದ್ದಾರೆ. ಪಾತ್ರ ಅಂದರೆ ನೀರು ಹರಿಯುವ ತಗ್ಗು. ಶಾಲೆಯ ಪ್ರಾಜೆಕ್ಟಿನಲ್ಲಿ ಗದ್ದೆಯನ್ನು ತೇವಭೂಮಿ ಎಂದು ಬರೆದರೆ ತಪ್ಪಿಲ್ಲ. ಅರ್ಜಿಯಲ್ಲಿ ಬರೆದರೆ ವಾಪಸ್ ಬರಬಹುದು.

ಹಂತ 9: ಬರೆದು ನೋಡಿ

ನನಗೆ ಬರುವ ಬರಹಗಳ ಮಾದರಿ ಹೀಗಿರುತ್ತದೆ: "ನಮ್ಮ ತಾಣವು ನಿಸರ್ಗ ರಮಣೀಯ ನದಿ ತೀರದಲ್ಲಿದ್ದು, ಸುತ್ತಲೂ ಜಲರಾಶಿಯಿಂದ ಕೂಡಿದ ದ್ವೀಪದಂತಿದೆ."

ಮೇಲಿನ ಹಂತಗಳನ್ನು ದಾಟಿ ಬಂದರೆ ಅದೇ ಜಾಗ ಹೀಗಾಗುತ್ತದೆ: "ಮನೆ ಬಾಣೆಯ ಕೆಳಗಿದೆ. ಮುಂದೆ ಗದ್ದೆ, ಜುಲೈನಿಂದ ನೀರು ತುಂಬಿರುತ್ತದೆ, ಡಿಸೆಂಬರ್‌ಗೆ ಕೊಯ್ಲು. ಗದ್ದೆಯ ಆಚೆ ಬತ್ತದ ತೋಡು, ಅದು ಸ್ವಲ್ಪ ದೂರದಲ್ಲಿ ಕಾವೇರಿ ಸೇರುತ್ತದೆ. ಜೋರು ಮಳೆಯಲ್ಲಿ ಹೊಳೆ ಏರಿದರೆ ಗದ್ದೆಯ ಬದುವಿನವರೆಗೆ ನೀರು ಬರುತ್ತದೆ, ಮನೆಗೆ ಬರುವುದಿಲ್ಲ. ಆದರೆ ರಸ್ತೆ ಮುಳುಗುವುದರಿಂದ ಒಂದೆರಡು ದಿನ ಹೊರಗೆ ಹೋಗಲು ಆಗದೇ ಇರಬಹುದು."

ಅರ್ಜಿಗಾದರೆ ಇನ್ನೂ ಚಿಕ್ಕದು ಸಾಕು: "ಸರ್ವೆ ನಂಬರ್ ಇಷ್ಟರ ಗದ್ದೆಯ ಪಕ್ಕದ ತೋಡು ಹೂಳು ತುಂಬಿದೆ. ಬಲದಂಡೆಯ ಬದು ಒಡೆದು ಮಳೆಗಾಲದಲ್ಲಿ ನೀರು ಗದ್ದೆಗೆ ನುಗ್ಗುತ್ತಿದೆ. ಹೂಳು ತೆಗೆಸಿ ಬದು ಕಟ್ಟಿಸಿಕೊಡಬೇಕು." ಜೊತೆಗೆ ಎರಡು ಫೋಟೋ ಇಡಿ, ಒಂದು ಬೇಸಿಗೆಯದು, ಒಂದು ಮಳೆಗಾಲದ್ದು. ಎರಡರಲ್ಲೂ ಒಂದೇ ಮರವೋ ಕಂಬವೋ ಕಾಣುವ ಹಾಗೆ ತೆಗೆಯಿರಿ. ಫೋಟೋದ ಹಿಂದೆ ತಾರೀಖು ಬರೆಯಿರಿ.

ಬರೆದದ್ದನ್ನು ಕಡೆಗೆ ಆ ಹಿರಿಯರಿಗೆ ಓದಿ ಹೇಳಿ. "ಇದನ್ನ ನಾವು ಹಾಗೆ ಅನ್ನಲ್ಲಪ್ಪ" ಎಂದರೆ ಅವರ ಪದವನ್ನೇ ಹಾಕಿ. ಇಬ್ಬರು ಹಿರಿಯರು ಎರಡು ಪದ ಹೇಳಿದರೆ ಎರಡನ್ನೂ ಬರೆಯಿರಿ, ಯಾವುದು ಯಾವ ಮನೆಮಾತಿನದು ಎಂದು ಪಕ್ಕದಲ್ಲೇ ಗುರುತು ಹಾಕಿ.